ಊರಿನ ಓವರ್‌ಹೆಡ್ ಟ್ಯಾಂಕಿಗೆ ಬೀಗ ಹಾಕಿದರೆ ಸಾಕೇ?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯೆ):
ನಮ್ಮೂರಿನ 50,000 ಲೀಟರಿನ ಟ್ಯಾಂಕಿನ ಮುಚ್ಚಳ ತುಕ್ಕು ಹಿಡಿದು ಒಂದು ಬದಿ ಕಿತ್ತುಹೋಗಿದೆ. ಏಣಿಗೆ ತಡೆಯಿಲ್ಲದ್ದರಿಂದ ಸಂಜೆ ಹುಡುಗರು ಹತ್ತಿ ಕೂರುತ್ತಾರೆ. 2022ರ ಡಿಸೆಂಬರಿನಲ್ಲಿ ತಮಿಳುನಾಡಿನ ವೇಂಗೈವಯಲ್‌ನಲ್ಲಿ ದಲಿತರ ಕೇರಿಗೆ ನೀರು ಕೊಡುವ ಟ್ಯಾಂಕಿನೊಳಗೆ ಮಲ ಹಾಕಿದ್ದು ಬೆಳಕಿಗೆ ಬಂದಂದಿನಿಂದ, ಆ ಮುಚ್ಚಳವನ್ನು ಕಂಡಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ. ಬೀಗ ಹಾಕಿಸಿ ಏಣಿಯ ಬುಡಕ್ಕೆ ಗೇಟು ಇಡಿಸಿದರೆ ಸಾಕೇ?

ಉತ್ತರ 1 (ನೀರು ಸರಬರಾಜಿನ ನಿವೃತ್ತ ಎಂಜಿನಿಯರ್):
ಬೀಗ, ಗೇಟು, ಗಾಳಿಕೊಳವೆಯ ಬಾಯಿಗೆ ಜಾಲರಿ, ಈ ಮೂರನ್ನು ಈ ವಾರವೇ ಮಾಡಿಸಿ. ಆದರೆ ನಾನು ಕಂಡಂತೆ ನೀರು ಹೆಚ್ಚಾಗಿ ಕೆಡುವುದು ಟ್ಯಾಂಕಿನಿಂದ ಕೆಳಗೆ ಇಳಿದ ಮೇಲೆ. ಚರಂಡಿಯ ಪಕ್ಕದಲ್ಲಿ ಹಾದುಹೋದ ಪೈಪಿನ ಬಿರುಕಿನಿಂದ ನೀರು ಬಿಟ್ಟಾಗ ನೀರು ಹೊರಕ್ಕೆ ಸೋರುತ್ತದೆ. ನಿಲ್ಲಿಸಿದಾಗ ಒಳಗಿನ ಒತ್ತಡ ಇಳಿದು ಅದೇ ಬಿರುಕು ಕೊಳಚೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಕೊನೆಯ ನಲ್ಲಿಯ ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ಉಳಿದಿದೆಯೇ ಎಂದು ನೋಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಂತೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕೊಳೆ ಸೇರಿದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿಬಿಡುತ್ತದೆ. ನಿನ್ನೆ ಇದ್ದದ್ದು ಇಂದು ಸೊನ್ನೆಯಾದರೆ, ಎಲ್ಲೋ ಕೊಳೆ ಸೇರಿದೆಯೆಂದೇ ಭಾವಿಸಿ ವಾಲ್ವ್ ಮುಚ್ಚಿಸಿ, ಆಮೇಲೆ ಕಾರಣ ಹುಡುಕಿ.

ಉತ್ತರ 2 (ನೀರುಗಂಟಿ):
ಮೇಡಂ, ಸರ್ ಹೇಳಿದ್ದು ನಿಜ. ಜೊತೆಗೆ ನೀರಿಗೆ ಕ್ಲೋರಿನ್ ಕೊಡುವ ಬ್ಲೀಚಿಂಗ್ ಪೌಡರಿನ ಚೀಲವನ್ನೂ ಬಿಚ್ಚಿ ನೋಡಿ. ತೇವ ತಗುಲಿ ಗಟ್ಟಿಯಾಗಿ, ಮೂಗಿಗೆ ಘಾಟು ಬಡಿಯದಿದ್ದರೆ ಅದರಲ್ಲಿ ಸತ್ವ ಉಳಿದಿಲ್ಲ. ಒಳ್ಳೆಯ ಪೌಡರಾದರೆ ನಿಮ್ಮ ಟ್ಯಾಂಕಿಗೆ ಸುಮಾರು 200 ಗ್ರಾಂ ಬೇಕಾಗುತ್ತದೆ. ನೀರು ಕೊಳಕಾಗಿದ್ದರೆ ಇನ್ನೂ ಹೆಚ್ಚು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಸುರಿದು, ಅರ್ಧ ಗಂಟೆ ಕಳೆದ ನಂತರವೇ ನೀರು ಬಿಡಬೇಕು. ಆದರೆ ಕೀಟನಾಶಕ ಬಿದ್ದಿದ್ದರೆ ಕ್ಲೋರಿನ್ ಕಾಪಾಡುತ್ತದೆಂದು ನಂಬಬೇಡಿ. ವಾಸನೆ ಬಂದರೂ ನೊರೆ ಕಂಡರೂ ನೀರು ನಿಲ್ಲಿಸಿ, ಮನೆಮನೆಗೆ ತಿಳಿಸಿ, ಸ್ಯಾಂಪಲ್ ಲ್ಯಾಬಿಗೆ ಕಳುಹಿಸಬೇಕು. ಅದಕ್ಕಾಗಿಯೇ ನಾನು ದಿನವೂ ವಾಲ್ವ್ ತಿರುಗಿಸುವ ಮೊದಲು ಟ್ಯಾಂಕಿನ ಬೀಗವನ್ನು ಕೈಯಿಂದ ಎಳೆದು ನೋಡುತ್ತೇನೆ.

ಪ್ರಶ್ನೆ ಕೇಳಿದವರು:
ಸರ್, ಅಣ್ಣ, ಇಬ್ಬರಿಗೂ ಧನ್ಯವಾದಗಳು. ಜಲ ಜೀವನ್ ಮಿಷನ್‌ನಡಿ ತರಬೇತಿ ಪಡೆದ ಐವರು ಹೆಣ್ಣುಮಕ್ಕಳು ನಮ್ಮೂರಿನಲ್ಲಿಯೂ ಇದ್ದಾರೆ. ಅವರಿಗೆ ಕೊಟ್ಟ ಪರೀಕ್ಷಾ ಕಿಟ್ ಪಂಚಾಯಿತಿಯ ಬೀರುವಿನಲ್ಲೇ ಉಳಿದಿದೆ. ನಮ್ಮ ಕೊನೆಯ ನಲ್ಲಿ ಇರುವುದು ಅಂಗನವಾಡಿಯ ಎದುರು. ನಾಳೆ ಬೆಳಿಗ್ಗೆ ನೀರು ಬಿಟ್ಟ ಕೂಡಲೇ ಅಲ್ಲಿಂದಲೇ ಪರೀಕ್ಷೆ ಶುರುಮಾಡಿಸುತ್ತೇನೆ.