ಕ್ಯಾಂಪಸ್‌ಗೆ ಸ್ಟೀಲ್ ಹುಲಿ ಮಾಡಿಸಬೇಕು, ಯಾವ ಸ್ಟೀಲ್ ಒಳ್ಳೆಯದು?

ಪ್ರಶ್ನೆ:
ನಮ್ಮ ವಿಶ್ವವಿದ್ಯಾಲಯದ ಮ್ಯಾಸ್ಕಾಟ್ ಹುಲಿ. ಎರಡಾಳೆತ್ತರದ ಒಂದು ಶಿಲ್ಪ ಮಾಡಿಸಿ ಗೇಟಿನ ಹತ್ತಿರ ನಿಲ್ಲಿಸಬೇಕು ಅಂತ ಸಮಿತಿ ತೀರ್ಮಾನಿಸಿದೆ. ಕೊಟೇಶನ್ ಕೊಟ್ಟವರಲ್ಲಿ ಒಬ್ಬರು 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಅನ್ನುತ್ತಾರೆ, ಇನ್ನೊಬ್ಬರು ಕಾರ್ಟೆನ್ (ಮೇಲಿನ ತುಕ್ಕಿನ ಪದರವೇ ಒಳಗಿನದನ್ನು ಕಾಯುವ ಸ್ಟೀಲ್), ಮತ್ತೊಬ್ಬರು ಮೈಲ್ಡ್ ಸ್ಟೀಲ್‌ಗೆ (ಮಾಮೂಲಿ ಕಬ್ಬಿಣ) ಬಣ್ಣ ಹೊಡೆದರೆ ಸಾಕು ಅಂತ. ಬಿಸಿಲು ಮಳೆ ಎಲ್ಲಾ ಬೀಳುವ ಜಾಗ. ಯಾವುದಕ್ಕೆ ಹೋಗೋದು?

ಉತ್ತರ 1:
ಸಮುದ್ರ ಹತ್ತಿರ ಇದ್ದರೆ 316 ಗ್ರೇಡಿನ ಸ್ಟೇನ್‌ಲೆಸ್, ಇಲ್ಲದಿದ್ದರೆ 304 ನಡೆಯುತ್ತೆ. 316ರಲ್ಲಿ 2ರಿಂದ 3% ಮಾಲಿಬ್ಡಿನಮ್ ಇರುತ್ತೆ, ಉಪ್ಪಿನ ಗಾಳಿಯನ್ನು ಅದು ಚೆನ್ನಾಗಿ ತಡೆಯುತ್ತೆ. ಆದರೆ ಗ್ರೇಡ್ ಒಂದನ್ನೇ ನೋಡಬೇಡಿ. ವೆಲ್ಡ್ ಪಕ್ಕ ನೀಲಿ-ಕಂದು ಕಲೆ ಬರುತ್ತೆ ಅಲ್ವಾ, ಅದನ್ನು ಹಾಗೇ ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರು. ಪಿಕ್ಲಿಂಗ್ (ಆ ಕಲೆಯನ್ನು ಆಮ್ಲದಿಂದ ತೆಗೆಯೋದು), ಪ್ಯಾಸಿವೇಶನ್ (ತುಕ್ಕು ತಡೆಯುವ ಪದರ ಮತ್ತೆ ಕೂರಿಸೋದು) ಎರಡನ್ನೂ ಕೊಟೇಶನ್‌ನಲ್ಲೇ ಬರೆಸಿ. ಮಾಮೂಲಿ ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಸ್ಟೇನ್‌ಲೆಸ್‌ಗೂ ಬಳಸಿದರೆ ಕಬ್ಬಿಣದ ಪುಡಿ ಮೇಲೆ ಕೂತು ಚುಕ್ಕೆ ಚುಕ್ಕೆ ತುಕ್ಕು ಏಳುತ್ತೆ, ಆಮೇಲೆ ಎಲ್ಲರೂ ಸ್ಟೀಲನ್ನು ಬೈಯುತ್ತಾರೆ.

ಉತ್ತರ 2:
ಕಾರ್ಟೆನ್ ಕೆಟ್ಟದ್ದೇನಲ್ಲ. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 1998ರಲ್ಲಿ ನಿಂತ ‘ಏಂಜೆಲ್ ಆಫ್ ದ ನಾರ್ತ್’ ಅದೇ ಸ್ಟೀಲು, 20 ಮೀಟರ್ ಎತ್ತರ, ಆಂಟನಿ ಗಾರ್ಮ್ಲಿ ಮಾಡಿದ್ದು. ಆದರೆ ಮೊದಲ ಕೆಲವು ಮಳೆಗೆ ಕೆಂಪು ನೀರು ಇಳಿಯುತ್ತೆ, ಕೆಳಗೆ ಬಿಳಿ ಕಲ್ಲಿನ ಕಟ್ಟೆ ಇದ್ದರೆ ಕಲೆ ಹೋಗೋದೇ ಕಷ್ಟ. ಒದ್ದೆಯಾಗಿ ಒಣಗುತ್ತಾ ಇದ್ದರೆ ಮಾತ್ರ ಆ ತುಕ್ಕಿನ ಪದರ ಗಟ್ಟಿಯಾಗೋದು. ನೀರು ನಿಲ್ಲುವ ಮೂಲೆಯಲ್ಲಿ ತಿನ್ನುತ್ತಲೇ ಇರುತ್ತೆ. ಇನ್ನು ಮೈಲ್ಡ್ ಸ್ಟೀಲ್‌ಗೆ ಬರೀ ಬಣ್ಣ ಅಂದರೆ ಬೇಡ, ಬಿಸಿ ಸತುವಿನಲ್ಲಿ ಅದ್ದಿಸಿ ಆಮೇಲೆ ಬಣ್ಣ ಹೊಡೆಸುವುದಾದರೆ ಯೋಚಿಸಿ.

ಉತ್ತರ 3:
ಹುಡುಗರು ಹತ್ತುತ್ತಾರೆ. ಬೋರ್ಡು ಹಾಕಿದರೂ ಹತ್ತುತ್ತಾರೆ, ಬಾಲ ಹಿಡಿದು ಜೋತಾಡುತ್ತಾರೆ, ಫೋಟೋಗೆ ನಾಲ್ಕು ಜನ ಬೆನ್ನ ಮೇಲೆ ಕೂರುತ್ತಾರೆ. ಹಾಗಾಗಿ ಗಾಳಿಯ ಹೊಡೆತದ ಜೊತೆ ಈ ಭಾರವನ್ನೂ ಸೇರಿಸಿ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಅಡಿಪಾಯ, ಆಂಕರ್ ಬೋಲ್ಟ್ ಲೆಕ್ಕ ಹಾಕಿಸಿ. ಕಿವಿ, ಉಗುರಿನ ತುದಿ ಬೆರಳಿಗೆ ಚುಚ್ಚದ ಹಾಗೆ ದುಂಡಗಿರಲಿ. ದುಡ್ಡು ಹಂತ ಹಂತವಾಗಿ ಕೊಡಿ, ಚಿಕ್ಕ ಮಾದರಿ ಒಪ್ಪದೆ ಪ್ಲೇಟ್ ಕತ್ತರಿಸಲು ಬಿಡಬೇಡಿ. ಮ್ಯಾಸ್ಕಾಟ್ ಆದ್ದರಿಂದ ಅದರ ಚಿತ್ರವನ್ನು ಟೀಶರ್ಟ್ ಮೇಲೆ ಹಾಕುವ ಹಕ್ಕು ಯಾರದ್ದು ಅಂತಲೂ ಒಪ್ಪಂದದಲ್ಲಿ ಇರಲಿ.

ಪ್ರಶ್ನೆ ಕೇಳಿದವರು:
ಬಾಲದ ವಿಷಯ ಸಮಿತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ! ಒಳಗೆ ಟೊಳ್ಳು ಇರುತ್ತೆ, ಪೂರ್ತಿ ಮುಚ್ಚಿಬಿಟ್ಟರೆ ನೀರು ಒಳಗೆ ಹೋಗಲ್ಲ ಅಲ್ವಾ?

ಉತ್ತರ 1:
ಸಣ್ಣ ಸಂದಿ ಸಿಕ್ಕರೂ ಹೋಗುತ್ತೆ, ಒಳಗೇ ತೇವ ಕಟ್ಟುತ್ತೆ. ನಾಲ್ಕೂ ಪಾದದ ಅಡಿ, ಹೊಟ್ಟೆಯ ತಗ್ಗಿನಲ್ಲಿ ತೂತು ಬಿಡಿಸಿ, ಕಾಂಕ್ರೀಟ್ ಅದನ್ನು ಮುಚ್ಚದ ಹಾಗೆ ನೋಡಿಕೊಳ್ಳಿ.