ಸಮಸ್ಯೆ: ಏಳೆಂದೊಡನಾರುಮೊಂದೆ ರೂಪಂ ತಳೆಗುಂ

ರಾಯಚೂರ್ ರಗಳೆ: ಕಡೀ ಸಾಲು ಕೊಟ್ಟೀನಿ, ನಾಕು ಸಾಲಿನ ಕಂದ ಪದ್ಯ ಮುಗಸ್ರಿ. ಹೋದ ಸಲದಂಗ ಹತ್ತು ದಿನ ತಗೋಬ್ಯಾಡ್ರಿ.

ಗಂಗಾವತಿ ಭತ್ತ: ನಮ್ಮನಿ ದಿನದ ಕಥಿ ಇದು.

ಕೋಳಿಯ ಕೂಗಂ ಕೇಳದೆ
ಚಾಳಿಯ ಮಕ್ಕಳ್ ಮುಸುಂಕಿ ಕೌದಿಯನೊರಗಲ್
ತಾಳದೆ ಸಿಡುಕುತೆ ತಾಯ್ ತಾಂ
ಏಳೆಂದೊಡನಾರುಮೊಂದೆ ರೂಪಂ ತಳೆಗುಂ

ಕೊಪಣಾಚಲ: ಭೇಷ್.

ಸಿಂಧನೂರ್ ಲೆಕ್ಕ:

ಕೇಳೊಂದುಂ ನಾಲ್ಕೆರಡುಂ
ತಾಳದೊಳೆಂಟೈದುಮೇಳುಮೊಡನಾಡಿರ್ಕುಂ
ಗಾಳಿಗಿರಕಿವೊಲ್ ತಿರುಗುತೆ
ಏಳೆಂದೊಡನಾರುಮೊಂದೆ ರೂಪಂ ತಳೆಗುಂ

142857 ರೀ. ಎರಡರಿಂದ ಗುಣಿಸಿದ್ರ 285714, ಮೂರರಿಂದ 428571, ಹಿಂಗ ಆರರ ತನಕ ಅವೇ ಆರು ಅಂಕಿ ಸಾಲು ಕೆಡದಂಗ ಸುತ್ತ್ ಹೊಡೀತಾವ, ಹೊರಗಿನ್ದು ಒಂದೂ ಒಳಗ ಬರಂಗಿಲ್ಲ. ಏಳು ಅಂದ್ರೋ, 999999.

ಕೊಪಣಾಚಲ: ಲೆಕ್ಕ ಬರೋಬ್ಬರಿ, ಪ್ರಾಸ ಹೋತು, ಪ್ರತಿ ಸಾಲಿನ ಎರಡನೇ ಅಕ್ಷರ ಒಂದ ಇರಬೇಕು. ಏೞು ರಳ, ಅಂದ್ರ ಹಳಗನ್ನಡದ ೞ. ಕೇಳು ಕುಳ, ಅಚ್ಚಗನ್ನಡದ ಳ. ತಾಳ ಅಂತೂ ಸಂಸ್ಕೃತದ ತಾಲದಿಂದ ಬಂದ ಕ್ಷಳ. ಮೂರನ್ನೂ ಒಂದ ಗಾಡ್ಯಾಗ ಕುಂದ್ರಿಸೀರಲ್ಲ, ಹಳಗನ್ನಡ ವ್ಯಾಕರಣ ಬರದ ಕೇಶಿರಾಜ ಸುಮ್ನಿರ್ತಿದ್ನೇನು?

ಸಿಂಧನೂರ್ ಲೆಕ್ಕ: ರಗಳೆಯವ್ರು ಟೈಪ್ ಮಾಡಿದ್ದು ಳ, ನಾ ಬರದದ್ದೂ ಳ. ೞ ನಿಮ್ಮ ಮೊಬೈಲ್‌ನಾಗ ಹೆಂಗ ಸಿಕ್ತೋ ಏನೋ.

ಕೊಪಣಾಚಲ: ತಿರುಳ್ಗನ್ನಡದ, ಅಂದ್ರ ಅಚ್ಚ ಕನ್ನಡದ, ಸೀಮಿ ಹೇಳುವಾಗ ನೃಪತುಂಗನ ಕಾಲಕ್ಕ ನಮ್ಮ ಕೊಪಣದ (ಈಗಿನ ಕೊಪ್ಪಳ) ಹೆಸರು ಬಂದೈತಿ, ಸಿಂಧನೂರಿಂದಲ್ಲ.

ಸಿರುಗುಪ್ಪಿ ಸೋಮಾರಿ: ಶುರು ಆತು ನೋಡ್ರಿ ಕೊಪಣ. ನನ್ನ ಉಗಾದಿ ಪದ್ಯದ ಕೆಳಗೂ ಇದನ್ನ ಹಾಕಿದ್ರಿ.

ಸಿಂಧನೂರ್ ಲೆಕ್ಕ: ಅದೇ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ 142857143ಕ್ಕ ಏಳರಿಂದ ಗುಣಿಸಿ 1000000001 ತಗದಾನ. ಮುಂದಿನಿಂದ ಓದ್ರಿ, ಹಿಂದಿನಿಂದ ಓದ್ರಿ, ಅದೇ. ಅಂಕಿ ಹಾರ ಪೋಣಿಸ್ತಿದ್ದ ಆ ಪುಣ್ಯಾತ್ಮ. ನೀವು ಅವನ ಕಾಲದಿಂದ ತಂದದ್ದು ಬರೇ ೞ.

ಸಿರುಗುಪ್ಪಿ ಸೋಮಾರಿ: ಒಂದ್ ಡೌಟು. ಭತ್ತದವ್ರ ಕೋಳಿ ರಳ ಅಲ್ರೀ, ಕೋೞಿ? ತಾಳದೆ ಕುಳ. ಅದಕ್ಕ ಭೇಷ್ ಅಂದೀರಿ?

ಕೊಪಣಾಚಲ: ಭತ್ತ ಹೊಸಬ. ಬೆಳೆಯೋ ಹುಡುಗ.

ಗಂಗಾವತಿ ಭತ್ತ: ನಂಗ ಐವತ್ತೆರಡು ರೀ.

ರಾಯಚೂರ್ ರಗಳೆ: ೞ ಹಿಡದ್ರ ಹಳಗನ್ನಡದ ಇನ್ನೊಂದು ಅಕ್ಷರ ಱ ಯಾಕ ಬಿಟ್ರಿ ಸಾಹೇಬ್ರ? ಲೆಕ್ಕದ ಆರು ಆಱು, ಆಗ ಯಾರು ಅನ್ನೋ ಆರು ಅದರಾಗ ಕೂಡಂಗಿಲ್ಲ, ನನ್ನ ಸಮಸ್ಯೆದ ಅರ್ಧ ಮಜಾನೇ ಹೋಗ್ತೈತಿ. ಹೊಸಗನ್ನಡದ ಕಿವೀಲೇ ಕೇಳ್ರಿ.

ಕೊಪಣಾಚಲ: ಹಂಗಾದ್ರ ಹೊಸಗನ್ನಡದಾಗ "ತಳೆಗುಂ" ಯಾಕ?

ಸಿರುಗುಪ್ಪಿ ಸೋಮಾರಿ: 🙏 ನಾ ಕಾಲ್ಕ್ಯುಲೇಟರ್ ಹಿಡದು ಕುಂತೀನಿ. 142857ರ ವರ್ಗ 20408122449. ಎರಡು ತುಂಡು ಮಾಡಿ 20408ಕ್ಕ 122449 ಕೂಡ್ಸಿದ್ರ ಮತ್ತ 142857. ಕಾಪ್ರೇಕರ್ ಸಂಖ್ಯೆ ಅಂತಾರ ಇಂಥಾವಕ್ಕ. ಇದನ್ಯಾಕ ಪದ್ಯದಾಗ ತರಲಿಲ್ಲ?

ಸಿಂಧನೂರ್ ಲೆಕ್ಕ: ತಂದದ್ದನ್ನ ಯಾರರ ನೋಡಿದ್ರ ತಾನೇ ಇನ್ನೊಂದು ತರೋದು. ಮೊದಲ್ನೇ ಸಾಲಿನಾಗ ಒಂದು ನಾಲ್ಕು ಎರಡು, ಅದರ ಕೆಳಗ ಎಂಟು ಐದು ಏಳು. ಮ್ಯಾಲಿಂದ ಕೆಳಗ ಕೂಡ್ಸ್ರಿ.

ಗಂಗಾವತಿ ಭತ್ತ: ಒಂಬತ್ತು, ಒಂಬತ್ತು, ಒಂಬತ್ತು. ಅಬಾಬಾ. ಏಳು ಅನ್ನೋಕಿಂತ ಮುಂಚೇನೇ.

ಕೊಪಣಾಚಲ: ಅದು ನಂಗ ಆಗ್ಲೇ ಕಂಡಿತ್ತು. ಗಿರಕಿವೊಲ್ ಅಲ್ಲ, ಗಿರಕಿಯವೊಲ್ ಆಗಬೇಕು.

ಸಿಂಧನೂರ್ ಲೆಕ್ಕ: ಮಾತ್ರೆ ಎಣಿಸ್ರಿ ಮೊದಲ.