ತಪಾಸಣೆಯಲ್ಲಿ ಪಾಸಾದ ಎಂಟು ವರ್ಷದ ಎಸ್‌ಯುವಿ, ತಗೊಳ್ಳಬಹುದಾ?

ಏಳು ಸೀಟು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಆರು ಜನ ಇದ್ದೇವೆ. ಈಗಿರುವ ಸಣ್ಣ ಕಾರಿನಲ್ಲಿ ಅಮ್ಮನಿಗೆ ಮೊಣಕಾಲು ಚಾಚಲು ಆಗಲ್ಲ, ಮಕ್ಕಳು ಹಿಂದೆ ಕಿತ್ತಾಡುತ್ತಾರೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿ ಒಂದನ್ನು ನೋಡಿಟ್ಟಿದ್ದೇನೆ. ಏಳು ಸೀಟು, ಎಂಟು ವರ್ಷ ಹಳೆಯದು, 96,000 ಚಿಲ್ಲರೆ ಕಿ.ಮೀ. ಓಡಿದೆ.

ಹೋದ ತಿಂಗಳು ಗಾಡಿಯ ವಾರ್ಷಿಕ ತಪಾಸಣೆ ಆಗಿದೆ. ಮೊದಲ ಸಲ ಫೇಲ್, ಎರಡು ದಿನ ಬಿಟ್ಟು ಪಾಸ್. ಫೇಲಾಗಿದ್ದು ಒಂದು ಬ್ರೇಕ್ ಲೈಟ್ ಉರಿಯದ್ದಕ್ಕೆ ಮತ್ತು ಮುಂದಿನ ಎಡಗಡೆ ಟೈರು ಒಳಅಂಚಿನಲ್ಲಿ ಬೋಳಾಗಿದ್ದಕ್ಕೆ. ಪಾಸಾದ ವರದಿಯ ಕೆಳಗೂ ಮೂರು ಸಾಲು ಇದೆ: ಎಡ ಲೋವರ್ ಆರ್ಮ್ ಬುಷ್ ಬಿರುಕು ಬಿಟ್ಟಿದೆ, ಹಿಂದಿನ ಬ್ರೇಕ್ ಡಿಸ್ಕ್‌ಗಳಲ್ಲಿ ತುಕ್ಕು, ಎಂಜಿನ್ ತಳದಲ್ಲಿ ಸ್ವಲ್ಪ ಆಯಿಲ್ ಜಿನುಗು.

ಮಾರುವವರು "ಪಾಸಾಗಿದೆಯಲ್ಲ, ಇನ್ನೇನು ಬೇಕು" ಅನ್ನುತ್ತಾರೆ. ಬಾನೆಟ್ ಎತ್ತಿದರೆ ನನಗೆ ಗುರುತು ಸಿಗೋದು ವೈಪರ್‌ಗೆ ನೀರು ಹಾಕುವ ಡಬ್ಬಿ ಮಾತ್ರ. ನಂಬಬಹುದಾ?

ಹಳೇ ಸ್ಪ್ಯಾನರ್:

ಸಾರ್, ತಪಾಸಣೆ ಮಾಡುವವರು ಎಂಜಿನ್ ಬಿಚ್ಚಲ್ಲ, ಗೇರ್‌ಬಾಕ್ಸ್ ಬಿಚ್ಚಲ್ಲ. ಬ್ರೇಕ್, ಸ್ಟೀರಿಂಗ್, ಟೈರು, ದೀಪ, ಹೊಗೆ, ಚಾಸಿಯ ತುಕ್ಕು, ಇಂಥವಷ್ಟೇ. ಅದೂ ಅವತ್ತಿನ ಮಟ್ಟಿಗೆ. ಟೈಮಿಂಗ್ ಬೆಲ್ಟ್ ನಾಳೆ ಹರಿದು ಹೋಗುವ ಗಾಡಿಯೂ ಇವತ್ತು ಪಾಸಾಗುತ್ತದೆ.

ಬ್ರೇಕ್ ಲೈಟ್ ಬಿಡಿ, ಬಲ್ಬ್ ಹೋಗಿರುತ್ತೆ. ಟೈರಿನ ಮಾತೇ ಬೇರೆ. ಒಳಅಂಚು ಮಾತ್ರ ಸವೆದಿದೆ, ಅದೇ ಪಕ್ಕದ ಬುಷ್, ಅಂದರೆ ಚಕ್ರ ಹಿಡಿದಿರುವ ತೋಳಿನ ಕೀಲಿನಲ್ಲಿರುವ ರಬ್ಬರ್, ಬಿರುಕು ಬಿಟ್ಟಿದೆ. ಎರಡನ್ನೂ ಜೋಡಿಸಿ ಓದಿ. ಬುಷ್ ಸಡಿಲವಾದರೆ ಬ್ರೇಕ್ ಒತ್ತಿದಾಗೆಲ್ಲ ಚಕ್ರ ಸ್ವಲ್ಪ ಅಡ್ಡ ತಿರುಗುತ್ತೆ, ಟೈರು ಓರೆಯಾಗಿ ಉಜ್ಜುತ್ತೆ. ಅವರು ಟೈರು ಬದಲಿಸಿ ಪಾಸ್ ಮಾಡಿಸಿದ್ದಾರೆ, ಬುಷ್ ಹಾಗೇ ಇದೆ. ಹೊಸ ಟೈರೂ ಅದೇ ದಾರಿ ಹಿಡಿಯುತ್ತೆ. ಹೊಸ ಬುಷ್ ಹಾಕದೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾಗಿದ್ದು. ನಾಲ್ಕೂ ಟೈರಿನದು ಬರೆದುಕೊಳ್ಳಿ. ಆಮೇಲೆ ಮುಖ್ಯವಾದದ್ದು: ಹಿಂದಿನ ವರ್ಷಗಳ ವರದಿ ಕೇಳಿ. ಒಂದೇ ದೂರು ಎರಡು ವರ್ಷ ಬಂದಿದ್ದರೆ ಆ ಮಾಲೀಕರ ಸ್ವಭಾವ ಗೊತ್ತಾಯ್ತು ಅಂತ ಇಟ್ಟುಕೊಳ್ಳಿ.

ಏಳು ಸೀಟು:

ಹಳೇ ವರದಿ ಎರಡು ಸಿಕ್ಕಿತು. ಬುಷ್ ಹೋದ ವರ್ಷವೂ ಇದೆ! ಇನ್ನೊಂದು ವಿಚಿತ್ರ. ಎರಡು ವರ್ಷದ ಹಿಂದೆ ಮೀಟರ್ 71,000, ಹೋದ ವರ್ಷ 93,000, ಈಗ 96,000. ಮೂರೇ ಸಾವಿರ. ಕೇಳಿದರೆ, ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಮಾತ್ರ ತೆಗೀತಿದ್ವಿ ಅಂದರು. ಕಡಿಮೆ ಓಡಿದ್ದರೆ ಒಳ್ಳೇದೇ ಅಲ್ವಾ?

ಡೀಸೆಲ್ ಸುಟ್ಟವಳು:

ಅಯ್ಯೋ, ಅಲ್ಲ. ನನ್ನ ಹೆಸರು ನೋಡಿಯೇ ಗೊತ್ತಾಗಿರಬೇಕು. ನಾನೂ ಇದೇ ಮಾಡಿದ್ದು: ಎರಡು ಕಿ.ಮೀ. ಹೋಗೋದು, ಆಫ್ ಮಾಡೋದು.

ಈ ಕಾಲದ ಡೀಸೆಲ್ ಗಾಡಿಗಳ ಸೈಲೆನ್ಸರ್ ಪೈಪಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತ. ತುಂಬಿದಾಗ ಗಾಡಿಯೇ ಆ ಮಸಿಯನ್ನು ಸುಡುತ್ತೆ. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿಗೆ ಎಂಜಿನ್ ಜಾಸ್ತಿ ಡೀಸೆಲ್ ಚಿಮ್ಮಿಸುತ್ತೆ. ಅಷ್ಟರಲ್ಲಿ ಸ್ಕೂಲ್ ಗೇಟ್ ಬಂತು, ಆಫ್. ಸುಡುವ ಕೆಲಸ ಅರ್ಧಕ್ಕೆ ನಿಂತಿತು. ಅನೇಕ ಎಂಜಿನ್‌ಗಳಲ್ಲಿ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತೆ. ನಾಳೆ ಬೆಳಿಗ್ಗೆ ಮತ್ತೆ ಅದೇ ಕಥೆ.

ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ, ಎಂಜಿನ್ ಶುರು ಮಾಡುವ ಮೊದಲು ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೀರಿ. ಒರೆಸಿ, ಮತ್ತೆ ಹಾಕಿ ಎಳೀರಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ ಮೂಸಿ ನೋಡಿ. ನನ್ನ ಗಾಡಿಯಲ್ಲಿ ಗೆರೆಗಿಂತ ಒಂದು ಬೆರಳು ಮೇಲಿತ್ತು. "ಆಯಿಲ್ ಕಮ್ಮಿ ಆಗೇ ಇಲ್ಲ, ಒಳ್ಳೇ ಎಂಜಿನ್" ಅಂತ ನಮ್ಮೆಜಮಾನ್ರು ಖುಷಿ ಪಟ್ಟಿದ್ದರು!

ನಾಲ್ಕನೇ ಗೇರ್:

ಇಷ್ಟೊಂದು ಹೆದರಿಸಬೇಡಿ ಮೇಡಂ, ಎಲ್ಲಾ ಡೀಸೆಲ್ ಹಾಗಿರಲ್ಲ. ಹಿಂದಿನ ಡಿಸ್ಕಿನ ತುಕ್ಕು ಮೇಲ್ಮೇಲೆ ಇದ್ದರೆ ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತೆ. ಗುಳಿ ಬಿದ್ದಿದ್ದರೆ ಮಾತ್ರ ಬದಲಿಸಬೇಕು. ಒಂದು ಕೆಲಸ ಮಾಡಿ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರನ್ನು ಕರೆದುಕೊಂಡು ಹೋಗಿ. ದೋಷದ ಕೋಡ್ ಇಲ್ಲ ಅಂದ ಮಾತ್ರಕ್ಕೆ ಸುಮ್ಮನಾಗಬೇಡಿ. 'ರೆಡಿನೆಸ್' ಅನ್ನುವ ಪುಟ ತೆಗೆಸಿ. ಅಲ್ಲಿ ಗಾಡಿ ತಾನೇ ಮಾಡಿಕೊಳ್ಳುವ ಪರೀಕ್ಷೆಗಳಲ್ಲಿ ಹಲವು ಪೂರ್ತಿಯಾಗಿಲ್ಲ ಅಂತ ಬಂದರೆ, ಈಚೆಗೆ ಯಾರೋ ಕೋಡ್ ಅಳಿಸಿರಬಹುದು. ಬ್ಯಾಟರಿ ಬಿಚ್ಚಿದರೂ ಹಾಗೆ ಬರುತ್ತೆ, ಅದನ್ನೂ ಕೇಳಿಕೊಳ್ಳಿ.

ಏಳು ಸೀಟು:

ಇವತ್ತು ಹೋಗಿ ಬಂದೆ. ಎಂಜಿನ್ ತಣ್ಣಗಿರಬೇಕು ಅಂತ ಮೊದಲೇ ಹೇಳಿದ್ದೆ. ಬಾನೆಟ್ ಮೇಲೆ ಕೈ ಇಟ್ಟರೆ ಬೆಚ್ಚಗಿತ್ತು, "ಈಗ ತಾನೇ ತೊಳೆಸಿಕೊಂಡು ಬಂದೆ" ಅಂದರು. ಒಂದೂವರೆ ಗಂಟೆ ಕಾದೆ.

ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗೆರೆ ದಾಟಿತ್ತು. ಬಿಳಿ ಬಟ್ಟೆಗೆ ಒರೆಸಿದರೆ ನೀರಿನ ಹಾಗೆ ಹರಡಿಕೊಂಡಿತು, ಮೂಸಿದರೆ ಡೀಸೆಲ್ ವಾಸನೆ. ಬಟ್ಟೆಯನ್ನು ಸುಮ್ನೆ ಅವರ ಕೈಗೆ ಕೊಟ್ಟೆ. ಅವರೂ ಮೂಸಿದರು, ಏನೂ ಹೇಳಲಿಲ್ಲ. ಟೈರುಗಳಲ್ಲಿ ಮೂರು ಒಂದೇ ವರ್ಷದ್ದು, ಮುಂದಿನ ಎಡಗಡೆಯದು ಮಾತ್ರ ಹೊಸದು, ಬೇರೆ ಕಂಪನಿಯದು. ಸ್ಕ್ಯಾನರ್ ತನಕ ಹೋಗಲೇ ಇಲ್ಲ.

ಬೇಡ ಅಂದು ಬಂದೆ. ನಾಡಿದ್ದು ಇನ್ನೊಂದು ಗಾಡಿ ನೋಡೋದಿದೆ, ಪೆಟ್ರೋಲ್. ಮೂರು ವರ್ಷದ ವರದಿ ಮೊದಲೇ ಕಳಿಸಿ ಅಂದಿದ್ದೇನೆ. ಒಂದು ಬಂದಿದೆ, ಇನ್ನೆರಡು ಹುಡುಕ್ತಿದ್ದಾರಂತೆ.